‘ಗುಡ್ ಕ್ಯಾಚ್’ ಅಂದರೆ ಮೀನಿನ ಮಾತಾ?

ಪ್ರಶ್ನೆ:
ಮಲ್ಪೆಯ ಒಂದು ಮೀನಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಕನ್ನಡ ಮೀಡಿಯಂ. ಜೂನ್‌ನಲ್ಲಿ ಹೊರಗಿನ ಪಾರ್ಟಿಯೊಬ್ಬರ ಹಳೇ ಬಿಲ್ಲಿನಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದದ್ದು ಕಂಡಿತು. ಮೇಲ್ ಮಾಡಿ ತಿಳಿಸಿದೆ. ‘ಗುಡ್ ಕ್ಯಾಚ್!’ ಅಂತ ಉತ್ತರ ಬಂತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಎಲ್ಲಿಯ ಕ್ಯಾಚ್ ಮಾರಾಯ್ರೆ? ‘ನೋ ಕ್ಯಾಚ್ ಸರ್, ಬ್ಯಾನ್ ಪೀರಿಯಡ್’ ಅಂತ ಬರೆದು ಕಳಿಸಿಯೂ ಬಿಟ್ಟೆ. ಅಲ್ಲಿಂದ ಸುಮ್ನೆ ಒಂದು ನಗುವ ಮುಖ ಬಂತು. ಅವರು ಹೇಳಿದ್ದು ಎಂತ? ಕ್ಯಾಚ್ ಅಂದರೆ ‘ಹಿಡಿ’ ಅಂತ ಇಟ್ಟುಕೊಂಡರೆ ಸಾಕಲ್ವಾ?

ಉತ್ತರ 1:
ತಪ್ಪು ಹಿಡಿದಿರಲ್ಲ, ಅದಕ್ಕೆ ಶಭಾಷ್ ಅಂದಿದ್ದಾರೆ. ಅಷ್ಟೇ.

ಉತ್ತರ 2:
‘ಹಿಡಿ’ ಒಂದನ್ನೇ ನಂಬಿದರೆ ಕೈಕೊಡುತ್ತದೆ. ಮಂಗಳೂರಿಗೆ ಬಸ್ ಹಿಡಿಯುವುದಕ್ಕೆ ‘ಕ್ಯಾಚ್ ದ ಬಸ್’ ಸರಿ. ಶೀತಕ್ಕೆ ಬಂದಾಗ ಎಲ್ಲ ತಿರುವುಮುರುವು. ನಮ್ಮಲ್ಲಿ ಶೀತ ಬಂದು ನಮ್ಮನ್ನು ಹಿಡಿಯುತ್ತದೆ. ಇಂಗ್ಲಿಷಿನವರು ತಾವೇ ಶೀತವನ್ನು ಹಿಡಿಯುತ್ತಾರೆ: ‘ಐ ಕಾಟ್ ಎ ಕೋಲ್ಡ್’. ನಾವು ‘ಮನೆಗೆ ಬೆಂಕಿ ಹಿಡಿಯಿತು’ ಅನ್ನುತ್ತೇವೆ. ಅವರಲ್ಲಿ ಮನೆಯೇ ಬೆಂಕಿಯನ್ನು ಹಿಡಿಯುತ್ತದೆ: ‘ದ ಹೌಸ್ ಕಾಟ್ ಫೈರ್’. ಕೋಲ್ಡ್‌ಗೆ ಸಾಮಾನ್ಯವಾಗಿ ‘ಎ’ ಹಾಕುತ್ತಾರೆ, ಫೈರ್‌ಗೆ ಬೇಡ. ಕಾರಣ ಕೇಳಿದ ಮಕ್ಕಳಿಗೆಲ್ಲ ‘ಬಾಯಿಪಾಠ ಮಾಡಿ’ ಅಂತಲೇ ಹೇಳಿ ನಾನು ರಿಟೈರ್ ಆದೆ.

ಕೊಡೆ ಹಿಡಿದು ನಡೆಯುವುದಕ್ಕೆ ‘ಹೋಲ್ಡ್’. ಗಾಳಿಗೆ ಹಾರಿದ ಕೊಡೆಯನ್ನು ಓಡಿ ಹಿಡಿದರೆ ಮಾತ್ರ ಕ್ಯಾಚ್. ‘ಎರಡು ಗಂಟೆ ಹಿಡಿಯಿತು’ ಅನ್ನುವಲ್ಲಿ ‘ಇಟ್ ಟುಕ್ ಟೂ ಅವರ್ಸ್’. ಹಾಂ, ‘ಕ್ಯಾಚ್ಡ್’ ಅಂತ ಬರೆಯಬೇಡಿ, ಅದು ‘ಕಾಟ್’.

ಉತ್ತರ 3:
ಫೋನಿನಲ್ಲಿ ಹೆಸರು ಸರಿಯಾಗಿ ಕೇಳಿಸದಿದ್ದರೆ ‘ಸಾರಿ, ಐ ಡಿಡಂಟ್ ಕ್ಯಾಚ್ ಯುವರ್ ನೇಮ್’ ಅನ್ನಿ. ಮಂಗಳೂರಿನಲ್ಲಿ ಕಾಲ್ ಸೆಂಟರ್ ಕೆಲಸ ಮಾಡುವಾಗ ನನಗೆ ಇದೇ ಊಟ, ಇದೇ ತಿಂಡಿ. ಮತ್ತೆ, ಯಾರಾದರೂ ರೇಟು ತೀರಾ ಕಡಿಮೆ ಹೇಳಿದರೆ ‘ವಾಟ್ಸ್ ದ ಕ್ಯಾಚ್?’ ಅಂತ ಕೇಳುವುದುಂಟು. ಒಳಗೆ ಏನೋ ಮಸಲತ್ತು ಇದೆ ಅಲ್ವಾ ಅಂತ ಅರ್ಥ. ನಿಮ್ಮ ಪಾರ್ಟಿಗೆ ಮಾತ್ರ ಬರೆಯಬೇಡಿ, ಸಿಟ್ಟಾದಾರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈಗ ಬೋಟು ಇಳಿದಿದೆ. ಇವತ್ತು ಅದೇ ಪಾರ್ಟಿ ‘ಹೌ ಈಸ್ ದ ಕ್ಯಾಚ್?’ ಅಂತ ಮೇಲ್ ಹಾಕಿದ್ದಾರೆ. ಈ ಸಲ ಮೀನಿನದ್ದೇ ಅಲ್ವಾ? ಬಂಗುಡೆ ರೇಟು ಬರೆಯಲಾ?