ಕೈಸರ್ ಕೆರೆಗೆ, ಕಿಚ್ನರ್ ಕಡಲಿಗೆ, ಬಿಯರ್ ಮೇಜಿಗೆ

“ಊರಿನ ಹೆಸರು ಕಿಚ್ನರ್ ಅನ್ನುವ ಬ್ರಿಟಿಷ್ ಸೇನಾಪತಿಯದು. ಇಲ್ಲಿಯ ಹಬ್ಬ ಮಾತ್ರ ಜರ್ಮನ್ನರದು, ಆಕ್ಟೋಬರ್‌ಫೆಸ್ಟ್ ಅನ್ನುವ ಬಿಯರ್ ಹಬ್ಬ. ಇದ್ಯಾವ ಸೀಮೆ ಲೆಕ್ಕ ಮೇಷ್ಟ್ರೇ?” ಎಂದು ಸೀನ ಕೇಳಿದ್ದೇ ತಡ, ನಮ್ಮ ಸಂಜೆ ಮುಗಿದಂತೆಯೇ ಎಂದು ನನಗೆ ಗೊತ್ತಾಯಿತು. ಮೇಷ್ಟ್ರು ನಿವೃತ್ತಿಯಾದ ಮೇಲೆ ಮಗನ ಮನೆಗೆಂದು ಕೆನಡಾಕ್ಕೆ ಬಂದವರು. ಇತಿಹಾಸ ಪಾಠ ಮಾಡಿದ ಬಾಯಿ. ಇಲ್ಲಿ ಕೇಳುವವರು ಸಿಗುವುದೇ ಅಪರೂಪ.

“ಇದು ಮೊದಲು ಬರ್ಲಿನ್ ಕಣಯ್ಯಾ,” ಅಂದರು.

“ಯಾವ ಬರ್ಲಿನ್?”

“ಇದೇ. ಒಂಟಾರಿಯೋದ ಬರ್ಲಿನ್. 1916ರ ತನಕ ಈ ಕಿಚ್ನರ್ ಊರಿಗೆ ಅದೇ ಹೆಸರು. ಮನೆಮನೆಯಲ್ಲೂ ಜರ್ಮನ್ ಮಾತು. ವಿಕ್ಟೋರಿಯಾ ಪಾರ್ಕಿನಲ್ಲಿ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿ, ಒಂದನೇ ವಿಲ್‌ಹೆಲ್ಮನ ಕಂಚಿನ ಮೂರ್ತಿ ಬೇರೆ. 1914ರಲ್ಲಿ ಜರ್ಮನಿ ಮೇಲೆ ಯುದ್ಧ ಶುರುವಾದ ತಿಂಗಳಲ್ಲೇ ಪಡ್ಡೆ ಹುಡುಗರು ಅದನ್ನು ಕಿತ್ತು ಪಾರ್ಕಿನ ಕೆರೆಗೆ ಹಾಕಿದರು.”

“ಒಳ್ಳೇದೇ ಆಯ್ತು ಬಿಡಿ. ಯುದ್ಧ ಶುರು ಮಾಡಿದವನು ಅಲ್ವಾ?” ಅಂದ ಸೀನ.

“ಅವನಲ್ಲವೋ! ಅದು ಮೊಮ್ಮಗ, ಎರಡನೇ ವಿಲ್‌ಹೆಲ್ಮ್. ಅಜ್ಜ ಸತ್ತು ಆಗಲೇ 26 ವರ್ಷ ಆಗಿತ್ತು.”

“ಮೊಮ್ಮಕ್ಕಳು ಮಾಡಿದ್ದನ್ನೆಲ್ಲ ಅಜ್ಜಂದಿರೇ ಅನುಭವಿಸಬೇಕು,” ಎಂದು ಪದ್ದಕ್ಕ ನಿಟ್ಟುಸಿರು ಬಿಟ್ಟರು. ಒಳಗಿನ ಕೋಣೆಯಲ್ಲಿ ಅವರ ಮೊಮ್ಮಗ ಏನನ್ನೋ ಬೀಳಿಸಿದ ಸದ್ದಾಯಿತು. ಯಾರೂ ಎದ್ದು ನೋಡಲಿಲ್ಲ.

ಅಜ್ಜನ ಪಾಡು ಅಲ್ಲಿಗೂ ಮುಗಿಯಲಿಲ್ಲವಂತೆ. ಕೆರೆಯಿಂದ ಮೇಲೆತ್ತಿ ಕಾನ್‌ಕಾರ್ಡಿಯಾ ಕ್ಲಬ್ಬಿನಲ್ಲಿ ಇಟ್ಟರು. ಅದು 1873ರಲ್ಲಿ ಜರ್ಮನ್ನರು ಹಾಡು ಹೇಳಲೆಂದು ಕಟ್ಟಿಕೊಂಡ ಸಂಘ. 1916ರ ಫೆಬ್ರವರಿಯಲ್ಲಿ ಕೆನಡಾ ಸೇನೆಯ 118ನೇ ಬೆಟಾಲಿಯನ್ನಿನ ಸೈನಿಕರು ಕ್ಲಬ್ಬಿಗೆ ನುಗ್ಗಿ, ಮೂರ್ತಿಯನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ ಹೊತ್ತೊಯ್ದರು. ಮತ್ತೆ ಅದು ಸಿಗಲೇ ಇಲ್ಲ. ಕರಗಿಸಿ, ಊಟದ ಮೇಜಿನ ಮೇಲೆ ಕರವಸ್ತ್ರ ಸಿಕ್ಕಿಸುವ ಉಂಗುರ ಮಾಡಿಸಿಕೊಂಡರು ಅನ್ನುವ ಕಥೆಯಿದೆ.

“ಚಕ್ರವರ್ತಿಯ ಮೇಲೆ ಕೈ ಒರೆಸಿಕೊಂಡರು ಅನ್ನಿ,” ಅಂದೆ. ಮೇಷ್ಟ್ರಿಗೆ ನನ್ನ ಜೋಕು ಹಿಡಿಸಲಿಲ್ಲ. ಪಾಠದ ಮಧ್ಯೆ ಮಾತಾಡುವವರು ಅವರಿಗೆ ಮೊದಲಿಂದಲೂ ಆಗುವುದಿಲ್ಲ.

“ಆಮೇಲೆ ಹೆಸರಿನ ಗಲಾಟೆ. 1916ರ ಮೇ ತಿಂಗಳಲ್ಲಿ ಮತ ಹಾಕಿಸಿದರು. ಬದಲಾಯಿಸಿ ಅಂದವರು 1,569. ಬೇಡ ಅಂದವರು 1,488.”

“ಅಷ್ಟೇನಾ? ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳಕ್ಕೇ ಇದಕ್ಕಿಂತ ಜಾಸ್ತಿ ಜನ ಸೇರ್ತಾರೆ,” ಅಂದ ಸೀನ.

“ಕೇಳು. ಬರ್ಲಿನ್ ಬೇಡ ಅಂತಾಯ್ತು. ಹೊಸ ಹೆಸರು ಏನು? ಜೂನಿನಲ್ಲಿ ಮತ್ತೆ ಮತ. ಪಟ್ಟಿಯಲ್ಲಿ ಆರು ಹೆಸರು. ಒಂದು ಅಡನಾಕ್.”

“ಏನು ಹಾಗಂದ್ರೆ?”

“ಕೆನಡಾ ಅನ್ನುವುದನ್ನು ಇಂಗ್ಲಿಷಿನಲ್ಲಿ ಹಿಂದಿನಿಂದ ಓದು.”

ಸೀನ ಗಾಳಿಯಲ್ಲಿ ಬೆರಳಾಡಿಸಿ ಓದಿದ. ಓದಿ ನಕ್ಕ. ಅಷ್ಟು ದೊಡ್ಡ ಯುದ್ಧ ನಡೆಯುತ್ತಿರುವಾಗ ಸಮಿತಿ ಕೂತು ಯೋಚನೆ ಮಾಡಿ ಇಂಥ ಹೆಸರು ತೆಗೆದಿತ್ತಲ್ಲ, ಅದನ್ನು ನಾನು ಮೆಚ್ಚಿಕೊಂಡೆ.

“ಇನ್ನೊಂದು ಹೆಸರು ಕೊರೋನ.”

“ಅಯ್ಯೋ ರಾಮ!” ಎಂದು ಪದ್ದಕ್ಕ ಎದೆ ಮೇಲೆ ಕೈ ಇಟ್ಟುಕೊಂಡರು. “ಅದು ಗೆದ್ದಿದ್ರೆ 2020ರಲ್ಲಿ ನಾವು ಊರಿಗೆ ಫೋನ್ ಮಾಡಿ ಎಲ್ಲಿದ್ದೀವಿ ಅಂತ ಹೇಳೋದು?”

ಗೆದ್ದದ್ದು ಕಿಚ್ನರ್. ಬಿದ್ದ ಮತ 346. ಎರಡನೇ ಸ್ಥಾನದ ಬ್ರಾಕ್‌ಗೆ 338. ಎಂಟೇ ಎಂಟು ಮತದ ಅಂತರ. ಊರಿನ ಹೆಚ್ಚಿನ ಜನ ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ. ಸಿಟ್ಟು ಇದ್ದಿರಬೇಕು. ಅದೇ ತಿಂಗಳ 5ರಂದು ಲಾರ್ಡ್ ಕಿಚ್ನರ್ ಹೋಗುತ್ತಿದ್ದ ಯುದ್ಧನೌಕೆಗೆ ಜರ್ಮನ್ನರು ಕಡಲಲ್ಲಿ ಇಟ್ಟಿದ್ದ ಮೈನು ಅನ್ನುವ ಸಿಡಿಗುಂಡು ತಗುಲಿ, ಸ್ಕಾಟ್ಲೆಂಡಿನ ಉತ್ತರಕ್ಕೆ ಆತ ಸಮುದ್ರ ಪಾಲಾಗಿದ್ದ. ಅದೇ ಬಿಸಿಯಲ್ಲಿ ಹೆಸರು ಅಂಟಿಕೊಂಡಿತು.

“ಈ ಕಿಚ್ನರ್ ನಮಗೂ ಗೊತ್ತಿದ್ದವನೇ,” ಎಂದು ಮೇಷ್ಟ್ರು ಕುರ್ಚಿ ಮುಂದೆ ಎಳೆದುಕೊಂಡರು. “1902ರಿಂದ 1909ರ ತನಕ ಭಾರತದ ಸೇನೆಯ ದಂಡನಾಯಕ. ವೈಸರಾಯ್ ಕರ್ಜನ್ ಜೊತೆ ಅಧಿಕಾರಕ್ಕಾಗಿ ಕಾದಾಡಿದ. ಕೊನೆಗೆ 1905ರಲ್ಲಿ ಕರ್ಜನ್ನೇ ರಾಜೀನಾಮೆ ಕೊಟ್ಟು ಹೊರಟ.”

“ಮೇಷ್ಟ್ರೇ, ಬಿಯರ್ ಎಲ್ಲಿ?” ಸೀನ ಕೇಳಿದ. “ನಾನು ಹಬ್ಬದ ವಿಷಯ ಕೇಳಿದ್ದು. ನೀವಿನ್ನೂ ಬಂಗಾಳ ವಿಭಜನೆಯಲ್ಲಿದ್ದೀರಿ.”

ಮೇಷ್ಟ್ರು ಒಲ್ಲದ ಮನಸ್ಸಿನಿಂದ ಎರಡು ಮಹಾಯುದ್ಧ ದಾಟಿ ಬಂದರು. ಎರಡನೆಯದು ಮುಗಿದ ಮೇಲೆ ಯೂರೋಪಿನಿಂದ ಇನ್ನಷ್ಟು ಜರ್ಮನ್ನರು ಇಲ್ಲಿಗೆ ಬಂದರು. ಅದೇ ಕಾನ್‌ಕಾರ್ಡಿಯಾ ಕ್ಲಬ್ 1967ರಲ್ಲಿ ತನ್ನ ಅಂಗಳದ ಮಟ್ಟಿಗೆ ಆಕ್ಟೋಬರ್‌ಫೆಸ್ಟ್ ಮಾಡಿತು. ಜನ ಮುಗಿಬಿದ್ದರು. 1969ರಲ್ಲಿ ಕಿಚ್ನರ್ ಮತ್ತು ಪಕ್ಕದ ವಾಟರ್‌ಲೂ ಎರಡೂ ಸೇರಿ ಊರ ಹಬ್ಬವನ್ನೇ ಮಾಡಿದವು. ಬರ್ಲಿನ್ ಅನ್ನುವ ಹೆಸರು ಅಳಿಸಿ 53 ವರ್ಷಕ್ಕೆ ಊರು ಮತ್ತೆ ಜರ್ಮನ್ ಆಯಿತು, ಅದೂ ಟಿಕೆಟ್ ಇಟ್ಟು. ಈಗ ಮೇಯರ್ ಪೀಪಾಯಿಗೆ ನಲ್ಲಿ ಬಡಿಯುವುದೇನು, ಅಂಕಲ್ ಹಾನ್ಸ್ ಅನ್ನುವ ಡೊಳ್ಳು ಹೊಟ್ಟೆಯ ಬೊಂಬೆ ಕುಣಿಯುವುದೇನು, ಥ್ಯಾಂಕ್ಸ್‌ಗಿವಿಂಗ್ ಸೋಮವಾರ ಬೀದಿಯಲ್ಲಿ ಮೆರವಣಿಗೆಯೇನು!

“ತಮಾಷೆ ಏನು ಗೊತ್ತಾ?” ಎಂದು ಮೇಷ್ಟ್ರು ದನಿ ತಗ್ಗಿಸಿದರು. “ಮೊದಲು ಬಂದು ನೆಲೆನಿಂತವರು ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ಮೆನೊನೈಟರು, ಜರ್ಮನ್ ಮಾತಾಡುವ ಒಂದು ಕ್ರೈಸ್ತ ಪಂಥದವರು. ಯುದ್ಧದ ನಂತರ ಬಂದವರಲ್ಲಿ ಎಷ್ಟೋ ಜನ ರೊಮೇನಿಯಾ, ಹಂಗೇರಿ, ಯುಗೊಸ್ಲಾವಿಯಾ ಕಡೆಯ ಜರ್ಮನ್ನರು. ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಹೆಸರಿನ ಕ್ಲಬ್ಬೇ ಇಲ್ಲಿದೆ. ಹಬ್ಬ ಮಾತ್ರ ಜರ್ಮನಿಯ ಮ್ಯೂನಿಕ್‌ನದು, ವೇಷ ಆ ಮ್ಯೂನಿಕ್ ಇರುವ ಬವೇರಿಯಾದ್ದು. ಎಲ್ಲರಿಗೂ ಅದೇ ಚರ್ಮದ ಚಡ್ಡಿ!”

“ರಾಜ್ಯೋತ್ಸವದ ಸ್ಟೇಜಿನಲ್ಲಿ ಬೀದರಿನವರಿಗೂ ಮಂಗಳೂರಿನವರಿಗೂ ಮೈಸೂರು ಪೇಟ ತೊಡಿಸಿದ ಹಾಗೆ,” ಅಂದೆ. ಈ ಸಲ ಮೇಷ್ಟ್ರು ನಕ್ಕರು.

“ಮ್ಯೂನಿಕ್‌ನಲ್ಲಾದರೂ ಅದು ಬಿಯರ್ ಹಬ್ಬ ಅಂತಲೇ ಶುರುವಾಯ್ತಾ?” ಸೀನ ಕೇಳಿದ.

“ಎಲ್ಲಿಂದ! 1810ರಲ್ಲಿ ರಾಜಕುಮಾರ ಲುಡ್ವಿಗ್‌ಗೂ ಥೆರೇಸಾಗೂ ಮದುವೆ. ಆ ಖುಷಿಗೆ ಊರಾಚೆ ಕುದುರೆ ರೇಸು. ಮುಂದಿನ ವರ್ಷವೂ ರೇಸು ಬೇಕು ಅಂದರು. ಕುದುರೆಗಳು ಹೋದವು, ಬಿಯರ್ ಉಳಿಯಿತು.”

“ಮದುವೆಗೆ ಬಂದವರು ಇನ್ನೂ ಎದ್ದು ಹೋಗಿಲ್ಲ ಅನ್ನಿ,” ಎಂದ ಪದ್ದಕ್ಕ, “ಕುಡಿಯದವರಿಗೆ ಅಲ್ಲಿ ಏನಿರುತ್ತೆ?” ಎಂದು ಮುಖ್ಯ ವಿಷಯಕ್ಕೆ ಬಂದರು.

ಸೀನ ಪಟ್ಟಿ ಕೊಟ್ಟ. ಸಾಸೇಜು, ಶ್ನಿಟ್ಜೆಲ್, ಎರಡೂ ಮಾಂಸದ್ದೇ. ಪದ್ದಕ್ಕನ ಮುಖ ಸಣ್ಣದಾಯಿತು. ಗಂಟು ಹಾಕಿ ಸುಟ್ಟ ಬ್ರೆಡ್ಡು, ಪ್ರೆಟ್ಜೆಲ್ ಅಂದ, ಸ್ವಲ್ಪ ಅರಳಿತು. ಎಲೆಕೋಸು ಹೆಚ್ಚಿ ಉಪ್ಪು ಹಾಕಿ ಹುಳಿ ಬರಿಸಿದ ಸವರ್‌ಕ್ರೌಟ್ ಅಂದ. “ಅದಕ್ಕೊಂದು ಒಗ್ಗರಣೆ ಕೊಟ್ಟರೆ ಅವರ ಗಂಟೇನು ಹೋಗ್ತಿತ್ತು?” ಅಂದರು.

“ಅಕ್ಕಾ, ಇದು ಮ್ಯೂನಿಕ್ ಬಿಟ್ಟರೆ ಜಗತ್ತಿನಲ್ಲೇ ದೊಡ್ಡ ಹಬ್ಬ. ಒಂದು ಸಲ ನೋಡಲೇಬೇಕು.”

“ಸುಮ್ನಿರಪ್ಪಾ,” ಮೇಷ್ಟ್ರು ತಡೆದರು. “ಬ್ರೆಜಿಲ್‌ನ ಬ್ಲೂಮೆನೌ ಊರೂ ತನ್ನದೇ ದೊಡ್ಡದು ಅನ್ನುತ್ತೆ. ಅಮೆರಿಕದ ಸಿನ್ಸಿನಾಟಿಯೂ ಹಾಗೇ ಅನ್ನುತ್ತೆ. ಬ್ಲೂಮೆನೌ ಆದರೂ ಪಾಪ, 1983ರಲ್ಲಿ, 84ರಲ್ಲಿ ಎರಡು ವರ್ಷ ಪ್ರವಾಹದಲ್ಲಿ ಮುಳುಗೆದ್ದು, 84ರಲ್ಲೇ ಹಬ್ಬ ಶುರು ಮಾಡಿತು. ಅವರು ಏನು ಹೇಳಿಕೊಂಡರೂ ನಾನು ಬಿಟ್ಟುಕೊಡ್ತೀನಿ. ಇಲ್ಲಿಯವರಿಗೆ ಏನು ಧಾಡಿ? ಹೆಸರು ಒಬ್ಬನದು, ವೇಷ ಇನ್ನೊಬ್ಬನದು, ಎಲ್ಲ ಬರೀ ವ್ಯಾಪಾರ!”

ಮಾತು ಮುಗಿಯಿತು ಅಂದುಕೊಂಡು ನಾನು ಲೋಟ ಎತ್ತಿಡಲು ಎದ್ದೆ. ಸೀನ ಮೊಬೈಲಿನಲ್ಲಿ ಶನಿವಾರದ ಟಿಕೆಟ್ ಹುಡುಕುತ್ತಿದ್ದ. ಮೇಷ್ಟ್ರು ಅವನ ಹತ್ತಿರ ಸರಿದು ಮೆಲ್ಲಗೆ ಕೇಳಿದರು.

“ಆ ಚರ್ಮದ ಚಡ್ಡಿ ಬಾಡಿಗೆಗೆ ಸಿಗುತ್ತೇನೋ?”

“ಸಿಕ್ಕರೂ ಒಳಗೆ ಥರ್ಮಲ್ ಹಾಕ್ಕೊಳ್ಳಿ ಮೇಷ್ಟ್ರೇ,” ಎಂದರು ಪದ್ದಕ್ಕ. “ಹೊರಗೆ ಆರು ಡಿಗ್ರಿ ಇದೆ.”