ಶುಗರ್ ಇದೆ ಅಂತ ಬರೆಯಬೇಕಾ, ಬೇಡವಾ?

ಪ್ರಶ್ನೆ (ಬದಿಯಡ್ಕ): ಅಣ್ಣ, ನೀವು ಮಂಗಳೂರಿನಲ್ಲಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಇರುವವರು, ಅದಕ್ಕೆ ನಿಮ್ಮ ಹತ್ತಿರವೇ ಕೇಳುತ್ತೇನೆ. ನನಗೆ 52 ವರ್ಷ. ಶುಗರಿನ ಮಾತ್ರೆ ಶುರುವಾಗಿ 6 ವರ್ಷ ಆಯಿತು. ಹೆಂಡತಿಗೆ 47, ಅಮ್ಮನಿಗೆ 74. ಮೂವರಿಗೂ ಸೇರಿಸಿ 3 ಲಕ್ಷದ ಆರೋಗ್ಯ ಪಾಲಿಸಿ ಮಾಡುವ ಅಂತ ಇದ್ದೇನೆ. ಏಜೆಂಟ್ ನನ್ನ ಭಾವನೇ. "ಶುಗರ್ ಅಂತ ಬರೆಯುವುದು ಬೇಡ ಭಾವ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತದೆ" ಅನ್ನುತ್ತಾನೆ. ಫಾರ್ಮ್ ಇಂಗ್ಲಿಷಿನಲ್ಲಿದೆ. ಸಹಿ ಮಾತ್ರ ಹಾಕು, ಉಳಿದದ್ದು ನಾನು ತುಂಬಿಸುತ್ತೇನೆ ಅಂದಿದ್ದಾನೆ. ಏನು ಮಾಡಲಿ?

ಉತ್ತರ: ಬರೆಯಿರಿ. ಭಾವ ಬೇಸರ ಮಾಡಿಕೊಂಡರೂ ಅಡ್ಡಿ ಇಲ್ಲ, ಬರೆಯಿರಿ.

ಯಾಕೆ ಅಂತ ಹೇಳುತ್ತೇನೆ. ನಾಳೆ ನಿಮಗೆ ಎದೆನೋವು ಬಂತು ಅಂತ ಇಟ್ಟುಕೊಳ್ಳಿ. ಡ್ಯೂಟಿ ಡಾಕ್ಟರ್ ಮೊದಲು ಕೇಳುವ ಪ್ರಶ್ನೆಯೇ "ಶುಗರ್, ಬಿಪಿ ಇದೆಯಾ? ಎಷ್ಟು ವರ್ಷದಿಂದ?" ನೋವಿನಲ್ಲಿರುವ ಮನುಷ್ಯ ಅಲ್ಲಿ ಸುಳ್ಳು ಹೇಳುವುದಿಲ್ಲ, ಹೇಳಲೂಬಾರದು. "6 ವರ್ಷ" ಅನ್ನುತ್ತೀರಿ. ಅದು ಕೇಸ್ ಶೀಟಿನಲ್ಲಿ ಬರುತ್ತದೆ. ಆ ಕೇಸ್ ಶೀಟು ಕೇಳಿದ ಕೂಡಲೇ ಕಂಪೆನಿಗೆ ಕಳಿಸುವವನು ನಾನು. ಫಾರ್ಮಿನಲ್ಲಿ "ಇಲ್ಲ", ಇಲ್ಲಿ "6 ವರ್ಷ". ಕ್ಲೇಮು ಅಲ್ಲಿಗೇ ನಿಂತಿತು. ಎಷ್ಟೋ ಸಲ ಪಾಲಿಸಿಯನ್ನೇ ರದ್ದು ಮಾಡುತ್ತಾರೆ. ಭಾವನ ಕಮಿಷನ್ ಅಷ್ಟರಲ್ಲಿ ಬಂದು ಖರ್ಚೂ ಆಗಿರುತ್ತದೆ!

ಬರೆದರೆ ಏನಾಗುತ್ತದೆ? ಪ್ರೀಮಿಯಂ ಸ್ವಲ್ಪ ಏರಬಹುದು, ಅಥವಾ ಶುಗರಿಗೆ ಸಂಬಂಧಪಟ್ಟದ್ದಕ್ಕೆ ಕೆಲವು ಸಮಯ ಕಾಯಬೇಕಾಗಬಹುದು. ಹಳೆ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ 36 ತಿಂಗಳು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರಲ್ಲಿ ನಿಯಮ ಮಾಡಿದೆ. ಮೊದಲು 48 ಇತ್ತು. ಕೆಲವು ಕಂಪೆನಿಗಳು ಹೆಚ್ಚು ದುಡ್ಡು ತೆಗೆದುಕೊಂಡು ಇನ್ನೂ ಬೇಗ ಕೊಡುತ್ತವೆ. ಕೇಳಿ ನೋಡಿ.

"5 ವರ್ಷ ಕಳೆದರೆ ಏನೂ ಕೇಳುವ ಹಾಗಿಲ್ಲ" ಅಂತಲೂ ಯಾರಾದರೂ ಹೇಳಿಯಾರು. ಅರ್ಧ ಸತ್ಯ. 60 ತಿಂಗಳು ಬಿಡದೆ ಕಟ್ಟಿದ ಮೇಲೆ, ಮೊದಲೇ ಹೇಳಲಿಲ್ಲ ಅನ್ನುವ ಕಾರಣಕ್ಕೆ ಕ್ಲೇಮು ತಳ್ಳುವ ಹಾಗಿಲ್ಲ ನಿಜ. ಆದರೆ ಮೋಸ ಅಂತ ಸಾಬೀತಾದರೆ ಆ ರಕ್ಷಣೆ ಇಲ್ಲ. ಗೊತ್ತಿದ್ದೂ ಮುಚ್ಚಿಟ್ಟದ್ದನ್ನು ಅವರು ಮೋಸ ಅಂತಲೇ ವಾದಿಸುತ್ತಾರೆ.

ಇನ್ನು ಆ ಖಾಲಿ ಫಾರ್ಮಿನ ವಿಷಯ. ನೀವು ಕನ್ನಡದಲ್ಲಿ ಸಹಿ ಹಾಕುವವರಲ್ವಾ? ಇಂಗ್ಲಿಷ್ ಫಾರ್ಮಿಗೆ ಬೇರೆ ಭಾಷೆಯಲ್ಲಿ ಸಹಿ ಬಿದ್ದರೆ, "ಇದರಲ್ಲಿರುವುದನ್ನು ಇವರಿಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಿದ್ದೇನೆ" ಅಂತ ಇನ್ನೊಬ್ಬರು ಸಹಿ ಮಾಡುವ ಜಾಗ ಕೆಳಗೆ ಇರುತ್ತದೆ. ನಮ್ಮ ಕಡೆ ಆ ಸಾಲಿನಲ್ಲಿ ಒಂದು ಗೀಚು ಇರುತ್ತದೆ, ವಿವರಿಸಿದ್ದು ಮಾತ್ರ ಯಾರೂ ಇಲ್ಲ. ಭಾವನನ್ನು ಜಗಲಿಯಲ್ಲಿ ಕೂರಿಸಿ, ಒಂದೊಂದು ಪ್ರಶ್ನೆ ಓದಿ ಹೇಳಿಸಿ, ಆಮೇಲೆ ಸಹಿ ಹಾಕಿ. ತುಂಬಿಸಿದ ಫಾರ್ಮಿನ ಫೋಟೋ ನಿಮ್ಮ ಮೊಬೈಲಿನಲ್ಲಿ ಇರಲಿ. ಪಾಲಿಸಿ ಬಂದಾಗ ಮುಖ್ಯ ಶರತ್ತುಗಳನ್ನು ಚುಟುಕಾಗಿ ಬರೆದ ಮಾಹಿತಿ ಹಾಳೆ ಒಂದು ಕೊಡಬೇಕು. ಅದನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು.

ಅಮ್ಮನನ್ನು ನಿಮ್ಮ ಜತೆ ಸೇರಿಸಬೇಡಿ. ಒಟ್ಟು ಕುಟುಂಬದ ಪಾಲಿಸಿಯಲ್ಲಿ ಪ್ರೀಮಿಯಂ ಲೆಕ್ಕ ಹಾಕುವುದು ಎಲ್ಲರಿಗಿಂತ ಹಿರಿಯರ ಪ್ರಾಯದ ಮೇಲೆ. ಅವರಿಗೆ ಬೇರೆಯೇ ಮಾಡಿ. 65 ದಾಟಿದವರಿಗೆ ಪಾಲಿಸಿ ಇಲ್ಲ ಅನ್ನುವ ಕಾಲ ಈಗ ಹೋಗಿದೆ.

ಪ್ರಶ್ನೆ (ಪೆರ್ಲ): ಸರ್, ನಮ್ಮ ಆಧಾರ್ ಕೇರಳದ್ದು. ಆದರೆ ಏನು ಬಂದರೂ ಓಡುವುದು ಮಂಗಳೂರಿಗೆ. ಕಾಸರಗೋಡಿನಲ್ಲಿ ಮಾಡಿದ ಪಾಲಿಸಿ ಅಲ್ಲಿ ನಡೆಯುತ್ತದಾ?

ಉತ್ತರ: ನಡೆಯುತ್ತದೆ ಮಾರಾಯ್ರೆ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದನ್ನು ನಾವು ಯಾರೂ ಮರೆತಿಲ್ಲ, ಆದರೆ ಪಾಲಿಸಿಗೆ ಆ ಗಡಿ ಇಲ್ಲ. ನೋಡಬೇಕಾದ್ದು ನೀವು ಹೋಗುವ ಆಸ್ಪತ್ರೆ ಕಂಪೆನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ, ಅಂದರೆ ಬಿಲ್ಲನ್ನು ಕಂಪೆನಿಯೇ ನೇರ ಕಟ್ಟುವ ಆಸ್ಪತ್ರೆಗಳ ಪಟ್ಟಿಯಲ್ಲಿ ಇದೆಯಾ ಅಂತ. ವೆಬ್‌ಸೈಟಿನ ಪಟ್ಟಿ ನಂಬಿ ಕೂರಬೇಡಿ. ಆಸ್ಪತ್ರೆಯ ಡೆಸ್ಕಿಗೇ ಫೋನ್ ಮಾಡಿ "ಈ ಕಂಪೆನಿಯದ್ದು ಈಗ ತೆಗೆದುಕೊಳ್ಳುತ್ತೀರಾ?" ಅಂತ ಕೇಳಿ. ದರದ ಜಗಳದಲ್ಲಿ ಕೆಲವು ಕಂಪೆನಿಗಳನ್ನು ಮಧ್ಯದಲ್ಲಿ ನಿಲ್ಲಿಸುವುದು ಉಂಟು. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ದರೆ ಅದು ಬೇರೆ ಲೆಕ್ಕ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಆದರೆ ಆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ.

ಪ್ರಶ್ನೆ (ಮಂಜೇಶ್ವರ): ಅಣ್ಣ, ಎಫ್‌ಡಿ ಹಾಕಲು ಅಂತ ಬ್ಯಾಂಕಿಗೆ ಹೋಗಿದ್ದೆ. ಮನೆಯವರು ಗಲ್ಫಿನಿಂದ ಕಳಿಸಿದ ದುಡ್ಡು. "ಎಫ್‌ಡಿಗಿಂತ ಒಳ್ಳೆಯದು" ಅಂತ ಒಂದು ಕಡೆ ಸಹಿ ಹಾಕಿಸಿದರು. ಈಗ ಮನೆಗೆ ಪಾಲಿಸಿ ಬಂದಿದೆ. ವರ್ಷಕ್ಕೆ 50,000ದಂತೆ 10 ವರ್ಷ ಕಟ್ಟಬೇಕಂತೆ. ಬಂದು 12 ದಿನ ಆಯಿತು.

ಉತ್ತರ: ಅಕ್ಕ, ಒಳ್ಳೆಯದಾಯಿತು ಈಗಲೇ ಕೇಳಿದ್ದು. ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದ ಒಳಗೆ "ಬೇಡ" ಅಂತ ಬರೆದುಕೊಟ್ಟರೆ ದುಡ್ಡು ವಾಪಸ್. ಸ್ಟಾಂಪ್ ಖರ್ಚು, ಅಷ್ಟು ದಿನದ ವಿಮೆಯ ಪಾಲು ಅಂತ ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಬ್ಯಾಂಕಿನವರು "ಒಂದು ವರ್ಷ ನೋಡಿ ಅಕ್ಕ" ಅಂದರೆ ಕೇಳಬೇಡಿ. ಕಂಪೆನಿಗೆ ಇಮೇಲ್ ಹಾಕಿ, ಬ್ರಾಂಚಿನಲ್ಲಿ ಕಾಗದ ಕೊಟ್ಟು ಅದರ ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದೆ ಎದ್ದು ಬರಬೇಡಿ. ಸತಾಯಿಸಿದರೆ ಐಆರ್‌ಡಿಎಐಯ ದೂರಿನ ವೆಬ್‌ಸೈಟ್ ಬಿಮಾ ಭರೋಸಾದಲ್ಲಿ ದೂರು ಹಾಕಿ. ಕೇರಳದವರಿಗೆ ವಿಮಾ ಓಂಬುಡ್ಸ್‌ಮನ್, ಅಂದರೆ ಕಂಪೆನಿಯ ಮೇಲಿನ ದೂರು ತೀರ್ಮಾನಿಸುವವರ ಕಚೇರಿ ಕೊಚ್ಚಿಯಲ್ಲಿದೆ, ಅಲ್ಲಿ ಫೀಸು ಇಲ್ಲ.

ಪ್ರಶ್ನೆ (ಮುಳ್ಳೇರಿಯ): ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತುವವರಿಗೆ ಏನಾದರೂ ಮಾಡಬಹುದಾ?

ಉತ್ತರ: ಮೊದಲು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ, 18ರಿಂದ 70 ವರ್ಷದವರಿಗೆ. ಬ್ಯಾಂಕ್ ಖಾತೆಯಿಂದ ತಾನಾಗಿ ಹೋಗುತ್ತದೆ. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿರಬೇಕು, ಅಷ್ಟೆ. ಖಾಸಗಿ ಅಪಘಾತ ಪಾಲಿಸಿ ಮಾಡಿಸುವುದಾದರೆ ಕೆಲಸದ ಕಾಲಮ್ಮಿನಲ್ಲಿ "ಕೃಷಿ" ಅಂತ ಬರೆದು ಸುಮ್ಮನಾಗಬೇಡಿ. ಮರ ಹತ್ತುತ್ತಾರೆ, ಅಡಿಕೆಗೆ ಮದ್ದು ಸಿಂಪಡಿಸುತ್ತಾರೆ ಅಂತಲೇ ಬರೆಸಿ.

ಪ್ರಶ್ನೆ (ಬದಿಯಡ್ಕ, ಮತ್ತೆ): ಅಣ್ಣ, ಭಾವನನ್ನು ಕೂರಿಸಿ ಓದಿಸಿದೆ. ಶುಗರ್ ಬರೆಸಿದೆ. ಅವನಿಗೆ ಸ್ವಲ್ಪ ಮುಖ ದಪ್ಪ ಆಗಿದೆ. "ರೂಮ್ ರೆಂಟ್ 1%" ಅಂತ ಒಂದು ಸಾಲು ಇದೆ, ಅದೇನು ದೊಡ್ಡದಲ್ಲ ಅಂದ. ಹೌದಾ?

ಉತ್ತರ: ಡಿಸ್ಚಾರ್ಜ್ ದಿನ ನನ್ನ ಡೆಸ್ಕಿನಲ್ಲಿ ಅತಿ ಹೆಚ್ಚು ಜಗಳ ಆಗುವುದು ಆ ಒಂದು ಸಾಲಿಗೆ. ರೂಮಿಗೆ ಕಂಪೆನಿ ಕೊಡುವ ಮಿತಿ ಅದು; 3 ಲಕ್ಷದ 1% ಅಂದರೆ ದಿನಕ್ಕೆ 3,000. ನೀವು 6,000ದ ರೂಮಿನಲ್ಲಿ 5 ದಿನ ಇದ್ದಿರಿ ಅಂತ ಇಟ್ಟುಕೊಳ್ಳಿ. ರೂಮಿನ 30,000ದಲ್ಲಿ 15,000 ಸಿಗುತ್ತದೆ. ಅದು ಎಲ್ಲರಿಗೂ ಅರ್ಥ ಆಗುತ್ತದೆ. ಆದರೆ ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1 ಲಕ್ಷ ಆಗಿದ್ದರೆ, ರೂಮಿಗೆ ಕಡಿದ ಅದೇ ಲೆಕ್ಕದಲ್ಲಿ ಅದೂ ಅರ್ಧಕ್ಕೆ ಇಳಿಯುತ್ತದೆ, 50,000 ಮಾತ್ರ. ಮದ್ದು, ಟೆಸ್ಟ್, ಒಳಗೆ ಹಾಕುವ ಸ್ಟೆಂಟಿನಂಥದ್ದಕ್ಕೆ ಈ ಕಡಿತ ಇಲ್ಲ. ಅದು 70,000 ಅಂದುಕೊಂಡರೆ, 2 ಲಕ್ಷದ ಬಿಲ್ಲಿನಲ್ಲಿ 65,000 ನಿಮ್ಮ ಕೈಯಿಂದ. ಗ್ಲೌಸು, ಮಾಸ್ಕಿನ ಲೆಕ್ಕ ಮತ್ತೆ ಬೇರೆ.

ಹಾಗಾಗಿ ಇವತ್ತು ಚೆಕ್ ಕೊಡಬೇಡಿ. ರೂಮಿಗೆ ಮಿತಿ ಇಲ್ಲದ 5 ಲಕ್ಷದ್ದು ಎಷ್ಟಾಗುತ್ತದೆ ಅಂತ ಭಾವನ ಹತ್ತಿರವೇ ಲೆಕ್ಕ ಹಾಕಿಸಿ. ಅವನ ಹಳೆ ಚಾರ್ಟಿನಲ್ಲಿ 18% ಜಿಎಸ್‌ಟಿ ಸೇರಿದ್ದರೆ ಅದನ್ನು ತೆಗೆದು ನೋಡಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ, ಮನೆಯವರಿಗೆ ಮಾಡುವ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಲೆಕ್ಕ ಬಂದ ಮೇಲೆ ಇಲ್ಲೇ ಹಾಕಿ, ನೋಡುವ.