ಕಾರ್ಡಿನಲ್ಲಿ ಎರಡು 'ಚಿ. ರಾ.' ಹಾಕಲ್ಲ ಅಂದರು. ಇದಕ್ಕೆ ಕಾನೂನಿನಲ್ಲಿ ಏನಾದರೂ ಇದೆಯಾ?

ಬನಶಂಕರಿ_ಅಕ್ಕ:
ನನ್ನ ತಮ್ಮ ಮತ್ತು ಅವನ ಗೆಳೆಯ ಆರು ವರ್ಷದಿಂದ ಜೊತೆಗಿದ್ದಾರೆ. ಮದುವೆ ಅಂತ ರಿಜಿಸ್ಟರ್ ಆಗಲ್ಲ, 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಗೊತ್ತಿದೆ. ಆದರೂ ಎರಡೂ ಮನೆಯವರು ಒಪ್ಪಿ (ನಮ್ಮಪ್ಪನಿಗೆ ಮೂರು ವರ್ಷ ಹಿಡಿಯಿತು, ಆ ಕಥೆ ಬೇರೆ) ಟೆರೇಸ್ ಮೇಲೆ ಶಾಮಿಯಾನ ಹಾಕಿಸಿ ಎಂಬತ್ತು ಜನಕ್ಕೆ ಊಟ ಹಾಕಿಸೋಣ ಅಂತ ಆಗಿದೆ.

ಕಾರ್ಡಿಗೆ ಸುಲ್ತಾನ್‌ಪೇಟೆಗೆ ಹೋದೆವು. ನನ್ನ ಮದುವೆ ಕಾರ್ಡನ್ನೂ ಅದೇ ಅಂಗಡಿಯಲ್ಲಿ ಹಾಕಿಸಿದ್ದು. ಯಜಮಾನರು ಮಾತಾಡಿಸಿ, ಸ್ಯಾಂಪಲ್ ತೋರಿಸಿ, 500 ರೂಪಾಯಿ ಅಡ್ವಾನ್ಸ್ ತಗೊಂಡರು. ಆಮೇಲೆ ನಾನು ಬರೆದುಕೊಂಡು ಹೋಗಿದ್ದ ಮ್ಯಾಟರ್ ಓದಿ, 'ಇಲ್ಲಿ ಚಿ. ಕುಂ. ಸೌ. ಬರಬೇಕಲ್ವಾಮ್ಮಾ, ಎರಡು ಕಡೆನೂ ಚಿ. ರಾ. ಅಂತ ಬರೆದಿದ್ದೀರಿ' ಅಂದರು. ಇಬ್ಬರೂ ಹುಡುಗರೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕನ್ನಡಕ ತೆಗೆದಿಟ್ಟರು. 'ಮೇಲೆ ವೆಂಕಟೇಶ್ವರ ಪ್ರಸನ್ನ ಅಂತ ಹಾಕಿ ಕೆಳಗೆ ಹೀಗೆ ಹಾಕೋದಕ್ಕೆ ನನ್ನ ಕೈಲಿ ಆಗಲ್ಲ, ನನ್ನ ದೇವರಿಗೆ ನಾನು ಉತ್ತರ ಹೇಳಬೇಕು' ಅಂತ ಹೇಳಿ ಅಡ್ವಾನ್ಸ್ ವಾಪಸ್ ಕೊಟ್ಟರು. ಜೋರಾಗಿ ಮಾತಾಡಲಿಲ್ಲ. ನನಗೂ ಜಗಳ ಆಡೋಕೆ ಆಗಲಿಲ್ಲ.

ಹೋಗಲಿ ಅಂತ, ಅಲ್ಲೇ ಗೊಂಚಲು ಗೊಂಚಲಾಗಿ ನೇತು ಹಾಕಿದ್ದ ತಾಂಬೂಲದ ಚೀಲ ನೂರು ಕೊಡಿ ಅಂದೆ. ಏನೂ ಪ್ರಿಂಟ್ ಇಲ್ಲದ ಖಾಲಿ ಚೀಲ. ಅದನ್ನೂ ಕೊಡಲ್ಲ ಅಂದರು. 'ಬೇರೆ ಯಾವ ಫಂಕ್ಷನ್‌ಗೆ ಬೇಕಾದರೂ ಬನ್ನಿ, ಇದಕ್ಕೆ ಮಾತ್ರ ನನ್ನಿಂದ ಏನೂ ಬೇಡ.' ತಮ್ಮ ಪಕ್ಕದಲ್ಲೇ ನಿಂತಿದ್ದ. ಮೆಟ್ರೋದಲ್ಲಿ ಬನಶಂಕರಿ ತನಕ ಒಂದು ಮಾತೂ ಆಡಲಿಲ್ಲ.

ಹೀಗೆ ಮಾಡಬಹುದಾ? ಕೇಸು ಹಾಕಬೇಕು ಅಂತಲ್ಲ, ತಿಳಿದುಕೊಳ್ಳಬೇಕು ಅಷ್ಟೆ.

ಸುಮ್ನೆ_ಒಬ್ಬ:
ಬೇಜಾರಾಗೋದು ಸಹಜ ಅಕ್ಕ, ಆದರೆ ಅವರ ಅಂಗಡಿ, ಅವರ ನಂಬಿಕೆ. ಹಲಾಲ್ ಹೋಟೆಲ್‌ಗೆ ಹೋಗಿ ಹಂದಿ ಮಾಂಸ ಕೊಡಿ ಅಂತೀವಾ? ಬೈದಿಲ್ಲ, ಅಡ್ವಾನ್ಸ್ ಇಟ್ಟುಕೊಂಡಿಲ್ಲ. ಬೆಂಗಳೂರಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗೆ ಬರವಾ, ಪಕ್ಕದ ಅಂಗಡಿಗೆ ಹೋಗಿ.

ಕರಿಕೋಟು:
ಹಲಾಲ್ ಹೋಟೆಲ್ ಹಂದಿ ಮಾಂಸವನ್ನು ಯಾರಿಗೂ ಮಾರಲ್ಲ. ಇವರು ಎಲ್ಲರಿಗೂ ಮಾರೋ ಚೀಲವನ್ನು ಒಬ್ಬರಿಗೆ ಮಾತ್ರ ಮಾರಲ್ಲ ಅಂದಿದ್ದಾರೆ. ಎರಡೂ ಒಂದೇ ಅಲ್ಲ.

ಅಕ್ಕ, ನಮ್ಮ ದೇಶದಲ್ಲಿ ಇದಕ್ಕೆ ನೇರವಾದ ಕಾನೂನು ಇಲ್ಲ. ಸಂವಿಧಾನದ 15(2)ರಲ್ಲಿ ಅಂಗಡಿ, ಹೋಟೆಲ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ, ಅಂದರೆ ಖಾಸಗಿಯವರನ್ನೂ ಕಟ್ಟಿಹಾಕುವ ಕೆಲವೇ ವಿಧಿಗಳಲ್ಲಿ ಅದೂ ಒಂದು. ಆದರೆ ಅಲ್ಲಿರುವ ಕಾರಣಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಅಷ್ಟೆ. ಸಲಿಂಗ ಸಂಬಂಧವನ್ನು ಅಪರಾಧ ಅಂತಿದ್ದ 377ನೇ ಸೆಕ್ಷನ್ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದಾಗ, 'ಲಿಂಗ' ಅನ್ನೋ ಮಾತಿನೊಳಗೆ ಯಾರನ್ನು ಪ್ರೀತಿಸುತ್ತೀರಿ ಅನ್ನೋದೂ ಬರುತ್ತೆ ಅಂತ ತೀರ್ಪಿನಲ್ಲಿ ಬಂತು. ಅದು ಸರ್ಕಾರದ ಕಾನೂನಿನ ಮೇಲಿನ ಕೇಸು, ಅಂಗಡಿಯ ಮೇಲಿನದ್ದಲ್ಲ. ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಸೇವೆ ನಿರಾಕರಿಸಬಾರದು ಅಂತ 2019ರ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ನಿಮ್ಮ ತಮ್ಮನಂಥವರಿಗೆ ಅಂಥದ್ದು ಇಲ್ಲ.

ಬ್ರಿಟನ್‌ನಲ್ಲಿ ಇದೇ ಜಗಳ ಸುಪ್ರೀಂ ಕೋರ್ಟ್ ತನಕ ಎರಡು ಸಲ ಹೋಗಿದೆ. ಕಾರ್ನ್‌ವಾಲ್‌ನಲ್ಲಿ ಮನೆಯನ್ನೇ ಹೋಟೆಲ್ ಮಾಡಿಕೊಂಡಿದ್ದ ಕ್ರಿಶ್ಚಿಯನ್ ದಂಪತಿ ಇಬ್ಬರು ಗಂಡಸರಿಗೆ ಡಬಲ್ ರೂಮು ಕೊಡಲಿಲ್ಲ, 2013ರಲ್ಲಿ ಸೋತರು. ಬೆಲ್‌ಫಾಸ್ಟ್‌ನಲ್ಲಿ ಒಂದು ಬೇಕರಿಯವರು 'ಸಲಿಂಗ ಮದುವೆಯನ್ನು ಬೆಂಬಲಿಸಿ' ಅಂತ ಬರೆದ ಕೇಕ್ ಮಾಡಲ್ಲ ಅಂದರು, ಅವರು 2018ರಲ್ಲಿ ಗೆದ್ದರು. ಅವರು ಬೇಡ ಅಂದಿದ್ದು ಆ ಸಂದೇಶವನ್ನು, ಕೇಳಿದ ಮನುಷ್ಯನನ್ನಲ್ಲ, ಯಾರು ಬಂದು ಕೇಳಿದ್ದರೂ ಅದನ್ನು ಬರೆಯುತ್ತಿರಲಿಲ್ಲ ಅಂತ ಕೋರ್ಟ್ ಹೇಳಿತು.

ಅದನ್ನು ಇಲ್ಲಿಗೆ ಹಚ್ಚಿ ನೋಡಿ. ಕಾರ್ಡಿನ ವಿಷಯದಲ್ಲಿ ಯಜಮಾನರಿಗೆ ಒಂದು ವಾದ ಇದೆ. ಖಾಲಿ ಚೀಲದ ವಿಷಯದಲ್ಲಿ ಯಾವ ವಾದವೂ ಇಲ್ಲ. ಚೀಲದ ಮೇಲೆ ಏನೂ ಬರೆದಿರಲಿಲ್ಲವಲ್ಲ.

ಪ್ರೂಫ್_ಪುಟ್ಟಣ್ಣ:
ನಾನು ಇಪ್ಪತ್ತೆರಡು ವರ್ಷ ಇದೇ ಕಸುಬಿನಲ್ಲಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಕರಿಕೋಟು ಸಾರ್, ಆ ಕೇಕಿನ ತೀರ್ಪು ನನಗೆ ಸರಿ ಕಾಣಲ್ಲ. ಕಾರ್ಡಿನಲ್ಲಿರೋ ಮಾತು ನಮ್ಮದು ಅಂತ ಯಾರು ತಿಳಿದುಕೊಳ್ಳುತ್ತಾರೆ? ಎಲೆಕ್ಷನ್ ಬಂದರೆ ಒಂದೇ ದಿನ, ಒಂದೇ ಮಿಷನ್‌ನಲ್ಲಿ ಮೂರು ಪಕ್ಷದ ಕರಪತ್ರ ಹೊಡೆಯುತ್ತೇವೆ. ಅದರಲ್ಲಿ ಮುದ್ರಕರ ಹೆಸರು, ವಿಳಾಸ ಹಾಕಲೇಬೇಕು ಅಂತ ಕಾನೂನೇ ಇದೆ. ನನ್ನ ಪ್ರೆಸ್ ಹೆಸರು ಮೂರರಲ್ಲೂ ಇರುತ್ತೆ. ಹಾಗಂತ ನಾನು ಮೂರೂ ಪಕ್ಷದವನಾದೆನಾ? ಉರುಸ್ ಪೋಸ್ಟರ್, ಚರ್ಚ್ ಹಬ್ಬದ ಬ್ಯಾನರ್, ವೈಕುಂಠ ಸಮಾರಾಧನೆ ಕಾರ್ಡು ಎಲ್ಲಾ ಮಾಡಿದ್ದೇನೆ. ಹತ್ತು ಸಾವಿರ ಕಾರ್ಡು ಹೊಡೆದರೂ ಮದುವೆ ಅವರದೇ.

ಇನ್ನೊಂದು ಮಾತು. ಮೊದಲ ಸಲ ಇಂಥ ಮ್ಯಾಟರ್ ಬಂದಾಗ ನನಗೂ ಕೈ ತಡೆಯಿತು, ಸುಳ್ಳು ಹೇಳಲ್ಲ. ಆ ಯಜಮಾನರು ನಾಟಕ ಮಾಡಿದ್ದಾರೆ ಅಂತ ನನಗನ್ನಿಸಲ್ಲ. ಅವರಿಗೆ ನಿಜವಾಗಲೂ ಹಾಗೆ ಅನ್ನಿಸಿರುತ್ತೆ. ಆದರೆ ಚೀಲ ಕೊಡದೆ ಇದ್ದಿದ್ದು ಭಕ್ತಿ ಅಲ್ಲ ಬಿಡಿ.

ರೂಮ್_ನಂಬರ್_ಐದು:
ನಾನೂ ಗೇ. 'ಪಕ್ಕದ ಅಂಗಡಿಗೆ ಹೋಗಿ' ಅನ್ನೋದು ಒಂದು ಸಲ ಕೇಳಿದರೆ ಏನೂ ಅನ್ನಿಸಲ್ಲ. ಬಾಡಿಗೆ ಮನೆ, ಫೋಟೋಗ್ರಾಫರ್, ಛತ್ರ, ಹೀಗೆ ಎಲ್ಲಾ ಕಡೆ ಪಕ್ಕದ್ದಕ್ಕೆ ಹೋಗುತ್ತಾ ಇದ್ದರೆ ಯಾವತ್ತು ಒಳಗೆ ಕಾಲಿಡೋದು?

ತಮಾಷೆ ಏನು ಗೊತ್ತಾ, ಮೆಜೆಸ್ಟಿಕ್ ಲಾಡ್ಜ್‌ನಲ್ಲಿ ಗಂಡು ಹೆಣ್ಣು ಹೋದರೆ ಮದುವೆ ಆಗಿದೆಯಾ ಅಂತ ಕೇಳುತ್ತಾರೆ. ನಾವಿಬ್ಬರು ಹೋದರೆ 'ಫ್ರೆಂಡ್ಸಾ? ಬನ್ನಿ ಬನ್ನಿ' ಅಂತ ಬೀಗದ ಕೈ ಕೊಡುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ರೂಮು ಸಿಗುತ್ತೆ. ಹೇಳಿದರೆ ಮಾತ್ರ ದೇವರು, ಧರ್ಮ ಎಲ್ಲಾ ಎದ್ದು ಬರುತ್ತೆ. ಅಕ್ಕ, ನೀವು ಹೇಳಿದಿರಿ, ಅದಕ್ಕೆ ಚೀಲ ಸಿಗಲಿಲ್ಲ.

ಸುಮ್ನೆ_ಒಬ್ಬ:
ಚೀಲದ ವಿಷಯ ಒಪ್ಪಿದೆ, ಅದು ಜಾಸ್ತಿ ಆಯಿತು. ಆದರೆ ಕಾರ್ಡನ್ನು ಕಾನೂನು ತಂದು ಬಲವಂತವಾಗಿ ಹೊಡೆಸಬೇಕಾ? ಅಮೆರಿಕಾದಲ್ಲೂ 2023ರಲ್ಲಿ, ಸಲಿಂಗ ಮದುವೆಗೆ ವೆಬ್‌ಸೈಟ್ ಮಾಡಲ್ಲ ಅಂದ ಒಬ್ಬ ಡಿಸೈನರ್ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ 6-3 ತೀರ್ಪು ಬಂತಲ್ಲ.

ಕರಿಕೋಟು:
ಬಂತು, ಅದು ಮಾತಿನ ಸ್ವಾತಂತ್ರ್ಯದ ಮೇಲೆ ಬಂದ ತೀರ್ಪು. ಅದೇ ದೇಶದಲ್ಲಿ ಸೌತ್ ಕೆರೊಲಿನಾದ ಒಬ್ಬ ಬಾರ್ಬೆಕ್ಯೂ ಹೋಟೆಲ್‌ನವನು, ಕಪ್ಪು ಜನರ ಜೊತೆ ಬೆರೆಯೋದು ನನ್ನ ಧರ್ಮಕ್ಕೆ ವಿರುದ್ಧ ಅಂತ ಕೋರ್ಟಿನಲ್ಲಿ ವಾದಿಸಿದ್ದ. 1968ರಲ್ಲಿ ಆ ವಾದವನ್ನು ಹುರುಳಿಲ್ಲದ್ದು ಅಂತ ತಳ್ಳಿಹಾಕಿದರು.

ಅಷ್ಟು ದೂರ ಯಾಕೆ, ನಮ್ಮ ಮೂಲ್ಕಿ ವೆಂಕಟರಮಣ ದೇವಸ್ಥಾನದ ಕೇಸು ನೋಡಿ, 1950ರ ದಶಕದ್ದು. ಇದು ನಮ್ಮ ಗೌಡ ಸಾರಸ್ವತರ ದೇವಸ್ಥಾನ, ಯಾರನ್ನು ಒಳಗೆ ಬಿಡಬೇಕು ಅನ್ನೋದು ನಮ್ಮ ಧಾರ್ಮಿಕ ಹಕ್ಕು ಅಂತ ವಾದ. ಅದು ಧರ್ಮದ ವಿಷಯವೇ ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಒಪ್ಪಿದ ಮೇಲೂ ಬಾಗಿಲು ಎಲ್ಲಾ ಹಿಂದೂಗಳಿಗೂ ತೆರೆಯಬೇಕು, ಕೆಲವು ವಿಶೇಷ ಸೇವೆಗಳು ಮಾತ್ರ ಸಮುದಾಯಕ್ಕೆ ಅಂತ ಹೇಳಿತು. ದೇವಸ್ಥಾನಕ್ಕೇ ಇಷ್ಟು ಅಂದರೆ, ಸುಲ್ತಾನ್‌ಪೇಟೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಎಷ್ಟು?

ಬನಶಂಕರಿ_ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಕೇಸು ಗೀಸು ಬೇಡ. ಆ ಯಜಮಾನರ ಮೇಲೆ ಈಗಲೂ ಪೂರ್ತಿ ಕೋಪ ಬರುತ್ತಿಲ್ಲ, ನನ್ನ ಮದುವೆಗೆ ಬಂದು ಊಟ ಮಾಡಿ ಹೋಗಿದ್ದವರು. ಚೀಲ ನೆನೆಸಿಕೊಂಡರೆ ಮಾತ್ರ ಹೊಟ್ಟೆ ಉರಿಯುತ್ತೆ.

ಬೇರೆ ಕಡೆ ಕೊಟ್ಟಿದ್ದೇವೆ, ಪ್ರೂಫ್ ಬಂದಿದೆ. ಪುಟ್ಟಣ್ಣ, ನಿಮಗೊಂದು ಪ್ರಶ್ನೆ. ಇಬ್ಬರು ಅಮ್ಮಂದಿರಿಗೂ ತಮ್ಮ ಮಗನ ಹೆಸರೇ ಮೊದಲು ಬರಬೇಕಂತೆ, ಎರಡು ದಿನದಿಂದ ಫೋನಿನಲ್ಲಿ ಇದೇ ರಾಮಾಯಣ. ಏನು ಮಾಡೋದು?

ಪ್ರೂಫ್_ಪುಟ್ಟಣ್ಣ:
ವಯಸ್ಸಿನಲ್ಲಿ ದೊಡ್ಡವನ ಹೆಸರು ಮೊದಲು, ಚಿಕ್ಕವನ ಮನೆಯವರ ಹೆಸರು ಆಹ್ವಾನದಲ್ಲಿ ಮೊದಲು. ಇಬ್ಬರಿಗೂ ಸಮಾಧಾನ. ಆಮೇಲೆ ಪ್ರೂಫ್‌ನಲ್ಲಿ ಕೆಳಗಡೆ ಒಂದು ಸಲ ನೋಡಿ, ಹಳೇ ಫೈಲ್ ಮೇಲೇ ಟೈಪ್ ಮಾಡಿರುತ್ತಾರೆ, 'ವಧುವಿನ ಕಡೆಯವರು' ಅಂತ ಎಲ್ಲಾದರೂ ಉಳಿದುಕೊಂಡಿರುತ್ತೆ.

ಬನಶಂಕರಿ_ಅಕ್ಕ:
ಅಯ್ಯೋ, ಉಳಿದಿದೆ!